ಉಸಿರಿನ ಪಾಲು

ಚಳಿ ಆಗಷ್ಟೇ ಕಾಲಿಟ್ಟಿತ್ತು. ಮದುವೆಗಳ ಕಾಲ ಶುರುವಾಗಲು ಇನ್ನೂ ಕೆಲವು ದಿನ ಇದ್ದವು. ಮಧ್ಯಾಹ್ನ ಕಳೆದು, ಕಿಟಕಿಯ ಬಿಸಿಲು ಹೊಲಿಗೆ ಮಿಷನ್ನಿನಿಂದ ಜಾರಿ ನೆಲಕ್ಕೆ ಇಳಿದಿದ್ದ ಹೊತ್ತು. ಪ್ರತಿ ವರ್ಷದಂತೆ ಬ್ಯಾಂಡಿನ ಕೆಂಪು ಕೋಟುಗಳನ್ನು ಟ್ರಂಕಿನಿಂದ ತೆಗೆದು ನಡುಮನೆಯಲ್ಲಿ ಹರವಿದ್ದೆವು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ತುಂಬಿತ್ತು. ಕಿತ್ತುಹೋದ ಜರಿ ಪಟ್ಟಿ ಹೊಲಿಯುವುದು, ಉದುರಿದ ಗುಂಡಿ ಹಾಕುವುದು ನನ್ನ ಕೆಲಸ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಸೇರಿದವಳು ನಾನು. ಅಂದಿನಿಂದ ಆ ಕೋಟುಗಳ ಒಳಮೈ ನನಗೆ ಗೊತ್ತು. ಯಾರ ಹೊಟ್ಟೆ ಬೆಳೆದಿದೆ, ಯಾರ ಹೆಗಲು ಇಳಿದಿದೆ ಎಂದು ಕೋಟು ಮೊದಲು ಹೇಳುತ್ತದೆ, ಮನುಷ್ಯ ಆಮೇಲೆ ಹೇಳುತ್ತಾನೆ.

ನನ್ನ ತಮ್ಮ ಬ್ಯಾಂಡ್ ಮಾಸ್ಟರು. ಬೀದಿಗೆಲ್ಲ ಮೇಷ್ಟ್ರು. ಅವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ದೊಡ್ಡ ಡ್ರಮ್ ಬಾರಿಸುವವನು. ವಯಸ್ಸು ನಲವತ್ತರ ಹತ್ತಿರ, ಬುದ್ಧಿ ಮಾತ್ರ ಮೊದಲ ಹಲ್ಲು ಬೀಳುವ ಮಕ್ಕಳ ಹತ್ತಿರವೇ ನಿಂತುಬಿಟ್ಟಿತ್ತು. ಆದರೆ ತಾಳ ಒಂದು ದಿನವೂ ತಪ್ಪಿದವನಲ್ಲ. ಮೆರವಣಿಗೆಯ ಹೆಜ್ಜೆಯೆಲ್ಲ ಅವನ ಡ್ರಮ್ಮಿಗೇ ಬೀಳುತ್ತಿತ್ತು. ಎಲ್ಲರೂ ಅವನನ್ನು ಗುಡುಗ ಎಂದೇ ಕರೆಯುತ್ತಿದ್ದರು. ಕಿರಿಯವನು ಟ್ರಂಪೆಟ್ ಊದುವವನು, ತುತ್ತೂರಿ. ತುತ್ತೂರಿಯ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದಳು. ಮದುವೆಯಾಗಿ ಆರು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ.

ಆವತ್ತು ಗಂಡ ಹೆಂಡತಿ ಆಸ್ಪತ್ರೆಗೆ ಹೋಗಿ ಬಂದರು.

"ಏನಂದ್ರೋ?" ತಮ್ಮನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು.

ತುತ್ತೂರಿ ಚಪ್ಪಲಿ ಬಿಡುತ್ತಾ, "ಏನಿಲ್ಲಮ್ಮ, ಇನ್ನೂ ನೋಡ್ಬೇಕಂತೆ" ಎಂದ.

"ಯಾರನ್ನ ನೋಡ್ಬೇಕಂತೆ?"

"ಇಬ್ಬರನ್ನೂ."

"ನಿನ್ನನ್ನ ನೋಡೋದೇನು ಬಂತು? ಬಿತ್ತೋನು ಬಿತ್ತಿ ಹೋಗ್ತಾನೆ. ನೋಡ್ಬೇಕಾದ್ದು ನೆಲ."

ಸೊಸೆ ಅಷ್ಟರಲ್ಲಿ ನಲ್ಲಿಯ ಮುಂದೆ ಕೂತು ಬೆಳಗಿನ ಪಾತ್ರೆಗಳಿಗೆ ಕೈ ಹಾಕಿದ್ದಳು. ನೀರು ಸುರಿಯುತ್ತಲೇ ಇತ್ತು, ಉಜ್ಜುವ ಸದ್ದು ನಿಂತುಹೋಯಿತು. ತಿರುಗಿ ಗಂಡನನ್ನು ನೋಡಿದಳು. ಅವನು ಟ್ರಂಪೆಟ್ಟಿನ ಪೆಟ್ಟಿಗೆ ತೆಗೆದು ಇಲ್ಲದ ಧೂಳು ಒರೆಸತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮಾರನೆಯ ದಿನದಿಂದ ಕಷಾಯ ಶುರು. ಯಾರೋ ಹೇಳಿದ ಬೇರು, ಇನ್ಯಾರೋ ಕೊಟ್ಟ ತೊಗಟೆ, ಎಲ್ಲ ಸೇರಿಸಿ ಕುದಿಸಿ ಒಂದು ಲೋಟಕ್ಕೆ ಇಳಿಸುವುದು. ಸೊಸೆ ಅಂಗಡಿಗೆ ಹೊರಡುವ ಮುಂಚೆ ಬರಿಹೊಟ್ಟೆಯಲ್ಲಿ ಎಲ್ಲರ ಎದುರಿಗೆ ಕುಡಿಯಬೇಕು. ಎಲ್ಲರ ಎದುರಿಗೆ ಯಾಕೆಂದರೆ, ಹಿಂದೆ ಯಾರದೋ ಮನೆಯ ಸೊಸೆ ಹೀಗೆ ಕೊಟ್ಟ ಕಷಾಯವನ್ನು ದಿನಾ ಗಿಡದ ಬುಡಕ್ಕೆ ಸುರಿಯುತ್ತಿದ್ದಳಂತೆ.

"ಗಿಡಕ್ಕಾದ್ರೂ ಮಕ್ಕಳಾದ್ವಾ ಅಕ್ಕ?" ಎಂದು ಕೇಳಿದವನು ಪೀಪಿ. ಕ್ಲಾರಿನೆಟ್ ಊದುವವನು, ಎದುರು ಮನೆಯವನು, ಹೊತ್ತಿಲ್ಲ ಗೊತ್ತಿಲ್ಲ, ನಮ್ಮ ಮನೆಯಲ್ಲೇ ಇರುವವನು.

"ನಿನ್ನ ಬಾಯಿಗೆ ಆ ಕ್ಲಾರಿನೆಟ್ಟೇ ಸರಿ, ಸಿಕ್ಕಿಸಿಕೊಂಡಿರು" ಎಂದಳು ತಮ್ಮನ ಹೆಂಡತಿ.

ಆ ಕಷಾಯದ ಕಹಿ ಎಂಥದೆಂದರೆ, ಕುದಿಯುವಾಗ ಹಬೆ ತಾಗಿದರೇ ಗಂಟಲು ಕಟ್ಟುತ್ತಿತ್ತು. ಸೊಸೆ ಕಣ್ಣು ಮುಚ್ಚಿ ಒಂದೇ ಸಲಕ್ಕೆ ಕುಡಿಯುತ್ತಿದ್ದಳು. ಅವಳು ಲೋಟ ಕೆಳಗಿಡುವವರೆಗೆ ಎದುರಿಗೆ ಕೂತ ತುತ್ತೂರಿ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಬೇಯಿಸಿದ ಮೊಟ್ಟೆಯ ಸಿಪ್ಪೆಯನ್ನು ಚೂರುಚೂರಾಗಿ ಬಿಡಿಸುತ್ತಾ ಇರುತ್ತಿದ್ದ. ಗುಡುಗ ಮಾತ್ರ ಅಂಗೈಯಲ್ಲಿ ಒಂದು ಚಿಟಿಕೆ ಸಕ್ಕರೆ ಇಟ್ಟುಕೊಂಡು ಬಾಗಿಲ ಹತ್ತಿರ ಕಾಯುತ್ತಿದ್ದ.

"ಬಾಯಿ ತೆಗಿ, ಕನ್ನಡಕ."

ಅವನು ಅವಳನ್ನು ಕರೆಯುತ್ತಿದ್ದುದೇ ಹಾಗೆ. ಅವಳು ಅಂಗೈಯನ್ನು ಮುಂದೆ ಹಿಡಿದು, "ಇಲ್ಲಿ ಹಾಕು ಭಾವ" ಎನ್ನುವಳು.

ಈಗ ಪಾಲಿನ ವಿಷಯ ಹೇಳಬೇಕು. ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

ನಮ್ಮ ಬ್ಯಾಂಡಿನಲ್ಲಿ ಮೆರವಣಿಗೆ ಹೊರಡುವ ಮುಂಚೆ ಸಾರಾಯಿ ಬಾಟಲಿ ತೆಗೆದು ಹಂಚುವ ಪದ್ಧತಿ ನಮ್ಮ ತಂದೆಯ ಕಾಲದ್ದು. ಊದುವವರಿಗೆ ಮಾತ್ರ. ಬಾರಿಸುವವರಿಗೆ ಇಲ್ಲ, ಬಾರಿಸುವುದು ಕೈ, ಊದುವುದು ಎದೆ. ಎದೆ ಬಿಚ್ಚದಿದ್ದರೆ ಉಸಿರು ಉಳಿಯುವುದಿಲ್ಲ, ಉಸಿರು ಉಳಿಯದಿದ್ದರೆ ಸ್ವರ ನಿಲ್ಲುವುದಿಲ್ಲ ಎಂದು ಅವರ ಲೆಕ್ಕ. ಅದಕ್ಕೆ ಉಸಿರಿನ ಪಾಲು ಎಂದು ಹೆಸರು. ಹೊಸಬನಿಗೆ ಮೊದಲ ಪಾಲನ್ನು ವಾದ್ಯದ ತುದಿಗೆ ಸಿಕ್ಕಿಸಿ ತುಟಿ ಇಟ್ಟು ಊದುವ ಹಿತ್ತಾಳೆ ಬಟ್ಟಲಲ್ಲೇ ಕೊಡುವರು. ಬಟ್ಟಲ ತೂತಿಗೆ ಮೇಷ್ಟ್ರು ತನ್ನ ಹೆಬ್ಬೆರಳು ಒತ್ತಿ ಹಿಡಿದು, ತಾನೇ ಬಾಯಿಗೆ ಎತ್ತಬೇಕು. ತುತ್ತೂರಿಗೆ ಅದು ಸಿಕ್ಕಿದ್ದು ಹದಿಮೂರಕ್ಕೆ. ಗಂಟಲು ಒಡೆದಿರಲಿಲ್ಲ, ಮೀಸೆಯ ಜಾಗದಲ್ಲಿ ಬೆವರು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಉಸಿರು? ಇಡೀ ಬೀದಿ ದಾಟುವವರೆಗೆ ಒಂದು ಸ್ವರ ಹಿಡಿದು ನಿಲ್ಲುತ್ತಿದ್ದ. ಅದನ್ನು ಕೇಳಿ ತಮ್ಮನಿಗೆ ಕಣ್ಣಲ್ಲಿ ನೀರು ಬಂದಿತ್ತು. ಅಂದಿನಿಂದ ಉಳಿದವರಿಗೆ ಒಂದು ಪಾಲಾದರೆ ಮಗನಿಗೆ ಎರಡು. ಮದುವೆಯ ಕಾಲದಲ್ಲಿ ಬೆಳಿಗ್ಗೆ ಒಂದು ಮೆರವಣಿಗೆ, ಸಂಜೆ ಒಂದು. ಹುಡುಗ ತೂರಾಡುತ್ತಾ ಮನೆಗೆ ಬಂದರೆ ಅಮ್ಮ ಮುಖ ತೊಳೆದು ಮಲಗಿಸಿ, "ಗಂಡಸಾದ ನನ್ನ ಮಗ" ಎಂದು ಬೀದಿಯವರಿಗೆ ಹೇಳುತ್ತಿದ್ದಳು.

ಮುಂದೆ ಅದು ಪಾಲಿನಲ್ಲಿ ನಿಲ್ಲಲಿಲ್ಲ. ಮದುವೆ ಇಲ್ಲದ ದಿನವೂ ಬೇಕಾಯಿತು. ಒಂದು ಸಲ ಮೆರವಣಿಗೆಯ ನಡುವೆ ಮುಗ್ಗರಿಸಿ ಬಿದ್ದು ತುಟಿ ಸೀಳಿಕೊಂಡ. ತುಟಿ ಕೂಡುವವರೆಗೆ ಊದುವ ಹಾಗಿಲ್ಲ. ಆ ದಿನಗಳಲ್ಲಿ ಅದೇನು ಯೋಚಿಸಿದನೋ, ಕುಡಿತ ಬಿಟ್ಟುಬಿಟ್ಟ. ಮದುವೆಗೆ ಮೊದಲಿನ ಮಾತು ಅದು. ಹೆಣ್ಣು ಕೊಡುವವರಿಗೆ ನಾವು ಹೇಳಿದ್ದೂ ಅದನ್ನೇ: ಹುಡುಗ ಒಂದು ತೊಟ್ಟು ಮುಟ್ಟುವುದಿಲ್ಲ. ಸುಳ್ಳೇನೂ ಆಗಿರಲಿಲ್ಲ.

ಮದುವೆಗಳು ಶುರುವಾದವು. ಒಂದು ಸಂಜೆ ಒಗೆದ ಕೋಟುಗಳನ್ನು ಮಾಳಿಗೆಯಿಂದ ತರಲು ಹೋದೆ. ಹಗ್ಗದ ಮೇಲೆ ಸಾಲಾಗಿ ತೂಗಿದ್ದ ಕೋಟುಗಳ ಆಚೆ ಗಂಡ ಹೆಂಡತಿ ನಿಂತಿದ್ದರು. ನನ್ನನ್ನು ಅವರು ನೋಡಲಿಲ್ಲ.

"ಇನ್ನೂ ಎಷ್ಟು ದಿನ ಕುಡೀಲಿ ನಾನು ಅದನ್ನ?" ಸೊಸೆಯ ದನಿ.

"ಕುಡಿದ್ರೆ ಏನೂ ಆಗಲ್ಲ ಬಿಡೆ. ಬೇರು ತಾನೆ."

"ಏನೂ ಆಗಲ್ಲ ಅಂತ ನನಗೆ ಗೊತ್ತಿಲ್ವಾ? ನನ್ನದೆಲ್ಲ ಸರಿ ಇದೆ ಅಂತ ಡಾಕ್ಟರು ನಿಮ್ಮ ಮುಂದೇನೇ ಹೇಳಿದ್ರಲ್ಲ. ನಿಮ್ಮದನ್ನ ಮೂರು ಸಲ ನೋಡಿದ್ರು, ಮೂರು ಸಲಾನೂ ಅದೇ ಬಂತು. ಇರೋದೇ ಬೆರಳೆಣಿಕೆ, ಇದ್ದವಕ್ಕೂ ಜೀವ ಇಲ್ಲ."

"ಮೆಲ್ಲಗೆ ಮಾತಾಡು."

"ಯಾವಾಗಿಂದ ಕುಡೀತಿದ್ರಿ ಅಂತ ಅವರು ಕೇಳಿದಾಗ ಹದಿಮೂರು ಅಂದ್ರಲ್ಲ, ಆಗ ಬರೀತಿದ್ದ ಪೆನ್ನು ಹಾಗೇ ನಿಂತುಬಿಡ್ತು. ದೊಡ್ಡವರಾದ ಮೇಲೆ ಕಲಿತು ಬಿಟ್ಟವರಿಗೆ ಎಷ್ಟೋ ಸಲ ಸರಿಹೋಗುತ್ತಂತೆ. ಬೆಳೆಯೋ ವಯಸ್ಸಲ್ಲೇ ಪೆಟ್ಟು ಬಿದ್ದರೆ ಕೆಲವರಿಗೆ ಉಳಿದುಬಿಡುತ್ತಂತೆ. ನೀವೇ ಕೇಳಿಸಿಕೊಂಡ್ರಿ. ದೊಡ್ಡ ಆಸ್ಪತ್ರೆಗೆ ಹೋದ್ರೆ ದಾರಿ ಇದೆ ಅಂತಾನೂ ಅಂದ್ರು."

"ಸೀಸನ್ ಮುಗೀಲಿ, ಹೋಗೋಣ."

"ಆಸ್ಪತ್ರೆ ಹಾಗಿರಲಿ. ಅತ್ತೆಗೆ ಹೇಳಿ. ನಾನು ಹೇಳಿದ್ರೆ ಗಂಡನ ಮಾನ ಕಳೆದವಳು ಅಂತಾರೆ. ನಿಮ್ಮ ಬಾಯಿಂದ ಒಂದು ಮಾತು. ಮಕ್ಕಳಿಗಿಂತ ಮೊದಲು ನನಗೆ ಅದು ಬೇಕು."

"ಹೇಳ್ತೀನಿ ಅಂದ್ನಲ್ಲ. ಅಪ್ಪ ಈಗ ದಿನಾ ಎರಡೆರಡು ಮದುವೆ ಒಪ್ಪಿಕೊಂಡಿದಾರೆ. ಈಗ ಹೇಳಿದ್ರೆ ಮನೆ ರಣರಂಗ ಆಗುತ್ತೆ."

"ಈಗೇನು ಆಗಿದೆ ಮತ್ತೆ? ರಣರಂಗಾನೇ. ಏಟು ಒಬ್ಬರಿಗೇ ಬೀಳ್ತಿದೆ, ಅಷ್ಟೇ."

ನಾನು ಕೋಟು ತೆಗೆಯದೆ ಇಳಿದು ಬಂದೆ.

ಆ ಕಾಲದ ನಡುವೆಯೇ ಪೀಪಿಯ ಹೆಂಡತಿ ಹೆತ್ತು ಮನೆಗೆ ಬಂದಳು. ಹೆಣ್ಣು ಮಗು. ನೋಡಲು ನಾವೆಲ್ಲ ಹೋದೆವು. ಪೀಪಿಗೆ ಕಾಲು ನೆಲದ ಮೇಲಿರಲಿಲ್ಲ.

"ಮೂಗು ನನ್ನದು, ಅಳೋದು ಅವಳಮ್ಮಂದು. ಮೇಲಿನ ಸ್ವರದಲ್ಲೇ ಹಿಡಿದಿದಾಳೆ, ಇಳಿಯೋದೇ ಇಲ್ಲ!"

ಮಗು ಕೈಯಿಂದ ಕೈಗೆ ಬಂತು. ನನ್ನ ಕೈಯಿಂದ ಸೊಸೆಯ ಕೈಗೆ ಕೊಡಲು ಹೋದೆ. ಅವಳು ಸೆರಗು ಸರಿ ಮಾಡಿಕೊಂಡು ತೋಳು ಚಾಚಿದ್ದಳು. ಅತ್ತೆ ನಡುವೆ ಕೈ ಹಾಕಿ ಮಗುವನ್ನು ತೆಗೆದುಕೊಂಡುಬಿಟ್ಟಳು.

"ಬೇಡ. ಬಾಣಂತಿ ಮನಸ್ಸಿಗೆ ಏನೂ ಅನ್ನಿಸಬಾರದು ನೋಡು. ನಿನ್ನದೇ ಬಂದಾಗ ಎತ್ತಿಕೊಳ್ಳುವೆಯಂತೆ."

ಚಾಚಿದ ತೋಳು ಹಾಗೇ ಇತ್ತು. ತುತ್ತೂರಿ ಬಾಗಿಲಲ್ಲಿ ನಿಂತಿದ್ದ. ಪೀಪಿಯ ಹೆಂಡತಿಯೇ, "ಅಯ್ಯೋ, ಎತ್ತಿಕೊಳ್ಳಲಿ ಬಿಡಿ ಅಕ್ಕ" ಎಂದಳು. ಸೊಸೆ ಗಂಡನನ್ನು ನೋಡಿದಳು, ನಲ್ಲಿಯ ಮುಂದೆ ಕೂತು ನೋಡಿದ ಹಾಗೆಯೇ. ಅವನು, "ಕ್ಲಾರಿನೆಟ್ ರೀಡ್ ಬದಲಾಯಿಸಿದ್ಯೇನೋ?" ಎಂದು ಪೀಪಿಯನ್ನು ಕೇಳಿದ.

ಮರುದಿನ ಬೆಳಿಗ್ಗೆ ಎಲ್ಲರೂ ತಿನ್ನಲು ಕೂತಿದ್ದೆವು. ತಮ್ಮನ ಹೆಂಡತಿ ಕಷಾಯದ ಲೋಟ ತಂದು ಸೊಸೆಯ ಮುಂದಿಟ್ಟಳು. ಸೊಸೆ ಅದನ್ನು ಎತ್ತಿ, ಕುಡಿಯದೆ, ಗಂಡನ ತಟ್ಟೆಯ ಪಕ್ಕ ಇಟ್ಟಳು.

"ಇವತ್ತಿಂದ ಇದು ನಿಮ್ಮ ಪಾಲು."

ಅತ್ತೆ ಸೌಟು ಹಿಡಿದೇ ತಿರುಗಿದಳು. "ಏನೇ ಇದು ನಾಟಕ?"

ತುತ್ತೂರಿ ಲೋಟ ನೋಡಿದ. ಎತ್ತಿಕೊಂಡ. ಅರ್ಧ ಕುಡಿಯುವಷ್ಟರಲ್ಲಿ ಅಮ್ಮ ಬಂದು ಕೈ ಹಿಡಿದಳು. "ಏ ಹುಚ್ಚ, ಅದು ಗಂಡಸರು ಕುಡಿಯೋದಲ್ವೋ!"

"ಯಾಕತ್ತೆ?" ಎಂದಳು ಸೊಸೆ. "ಕಾಯಿಲೆ ಯಾರಿಗೋ ಔಷಧಿ ಅವರೇ ತಾನೆ ಕುಡಿಯೋದು?"

ಮೇಷ್ಟ್ರು ತಟ್ಟೆ ಪಕ್ಕಕ್ಕೆ ಸರಿಸಿದ. "ಏನಂತಿದಾಳೋ ನಿನ್ನ ಹೆಂಡತಿ?"

"ಹೂಂ" ಎಂದ ತುತ್ತೂರಿ, ಲೋಟದೊಳಗೆ ನೋಡುತ್ತಾ.

"ಏನು ಹೂಂ?"

"ಅವಳು ಹೇಳಿದ್ದೇ."

ಉಳಿದದ್ದನ್ನು ಸೊಸೆಯೇ ಹೇಳಬೇಕಾಯಿತು. ದನಿ ಎತ್ತಲಿಲ್ಲ, ಅಳಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಇದು ದೂರದ ಗಾಜು, ಇದು ಹತ್ತಿರದ ಗಾಜು ಎಂದು ಹೇಳುವ ಹಾಗೆ ಹೇಳಿದಳು. ಹದಿಮೂರು ಎನ್ನುವ ಮಾತು ಬಂದಾಗ ಮೇಷ್ಟ್ರು ನಕ್ಕುಬಿಟ್ಟ.

"ನಾನೂ ಹದಿಮೂರಕ್ಕೇ ಕುಡಿದವನು. ನನ್ನಪ್ಪನೂ ಕುಡಿದವನೇ. ನನಗೆ ಮಕ್ಕಳಾಗಲಿಲ್ವಾ? ಪೀಪಿಗೆ ಆಗಲಿಲ್ವಾ? ಆ ಡಾಕ್ಟರಿಗೆ ಬ್ಯಾಂಡ್ ಅಂದ್ರೆ ಏನು ಗೊತ್ತು?"

"ಎಲ್ಲರಿಗೂ ಆಗುತ್ತೆ ಅಂತ ಅವರು ಹೇಳಲಿಲ್ಲ ಮಾವ. ಇವರಿಗೆ ಆಗಿದೆ ಅಂದ್ರು."

"ಇವನಿಗೇ ಯಾಕೆ ಆಗ್ಬೇಕು?"

"ಎರಡು ಪಾಲು ಕೊಟ್ರಲ್ಲ ನೀವು" ಎಂದ ತುತ್ತೂರಿ. ಅಪ್ಪನ ಮುಂದೆ ಅವನು ದನಿ ಎತ್ತಿದ್ದು ಅದೇ ಮೊದಲು. "ಬೇರೆಯವರಿಗೆ ಒಂದು, ನನಗೆ ಎರಡು!"

"ಪ್ರೀತಿಗೆ ಕೊಟ್ಟೆ ಕಣೋ!" ಮೇಷ್ಟ್ರ ಗಂಟಲು ಸೀಳಿತು. "ಊರಲ್ಲಿ ನಿನ್ನಂಥ ಉಸಿರು ಇನ್ನೊಬ್ಬನಿಗೆ ಇರಲಿಲ್ಲ. ವಿಷ ಅಂತ ಗೊತ್ತಿದ್ರೆ ಹೆತ್ತ ಮಗನಿಗೆ ಯಾವನಾದ್ರೂ ಎರಡು ಪಾಲು ಹಾಕ್ತಾನಾ? ಕೇಳು ನಿನ್ನ ಅಮ್ಮನ್ನ. ಅಕ್ಕ, ನೀನು ಹೇಳು!"

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

"ನನಗೆ ಎರಡು ಗಂಡುಮಕ್ಕಳು. ಎರಡು!" ಎಂದು ಅವನು ಬೆರಳು ತೋರಿಸಿದ.

ಆಗ ತಮ್ಮನ ಹೆಂಡತಿ ಸೌಟು ಕೆಳಗಿಟ್ಟಳು. "ಎರಡಲ್ಲ."

"ಏನು?"

"ಹೊತ್ತದ್ದು ಎರಡಲ್ಲ. ನಿಮಗೆ ಉಳಿದದ್ದರ ಲೆಕ್ಕ ಮಾತ್ರ ಇದೆ. ಇವನಿಗೂ ಅವನಿಗೂ ನಡುವೆ ನಿಲ್ಲದೆ ಹೋದವು ಎಷ್ಟು ಅಂತ ನನಗೆ ಗೊತ್ತು, ಆ ಬಚ್ಚಲಿಗೆ ಗೊತ್ತು. ಹೊಟ್ಟೆ ಕೆಟ್ಟದ್ದು ಅಂತ ನಿಮ್ಮಮ್ಮ ನನಗೂ ಕಷಾಯ ಕುಡಿಸಿದ್ರು. ಇದೇ ಬೇರು. ಇದೇ ಲೋಟ." ಅವಳು ಲೋಟದ ಕಡೆ ನೋಡಲಿಲ್ಲ. "ಗುಡುಗ ಹೀಗೆ ಹುಟ್ಟಿದಾಗ ಬಸಿರಲ್ಲಿ ಏನೋ ತಿಂದಿದಾಳೆ, ಎಲ್ಲೋ ಹೆದರಿದಾಳೆ ಅಂದ್ರು. ನಾನೂ ಹೌದು ಅಂದ್ಕೊಂಡೆ. ಎಲ್ಲಿ ಹೆದರಿದೆ, ಎಲ್ಲಿ ಹೆದರಿದೆ ಅಂತ ವರ್ಷಗಟ್ಟಲೆ ನೆನಪು ಮಾಡ್ಕೊಂಡೆ."

ನಿಮ್ಮಮ್ಮ ಎಂದರೆ ನನ್ನ ಅಮ್ಮನೂ ಹೌದು.

"ಈಗ ಗೊತ್ತಾಯ್ತಾ, ನಾನು ಯಾಕೆ ಆ ದೊಡ್ಡ ಆಸ್ಪತ್ರೆಗೆ ಹೋಗ್ತಿಲ್ಲ ಅಂತ?" ತುತ್ತೂರಿ ಹೆಂಡತಿಯ ಕಡೆ ತಿರುಗಿ ಕೂಗಿದ. "ಹೇಗೋ ಹುಟ್ಟಿಸಿ, ಅದೂ ಅಣ್ಣನ ಹಾಗೇ ಹುಟ್ಟಿದ್ರೆ?"

ಗುಡುಗ ಸಕ್ಕರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಅದನ್ನು ಯಾರೂ ಗಮನಿಸಿರಲಿಲ್ಲ.

"ನನ್ನ ಹಾಗೇನಾ?" ಎಂದ. ಮುಖ ಅರಳಿತು. "ಹಾಗಿದ್ರೆ ಡ್ರಮ್ ಬಾರಿಸ್ತಾನೆ. ನಾನು ಕಲಿಸ್ತೀನಿ."

ಆವತ್ತು ಯಾರೂ ಮುಂದಕ್ಕೆ ತಿನ್ನಲಿಲ್ಲ. ಗುಡುಗ ಮಾತ್ರ ತುತ್ತೂರಿಯ ಹತ್ತಿರ ಹೋಗಿ, ಅವನೂ ಕಷಾಯ ಕುಡಿದಿದ್ದಾನಲ್ಲ ಎಂದು, ಅವನ ಅಂಗೈಗೆ ಸಕ್ಕರೆ ಹಾಕಿದ.

ಅದಾದ ಮೇಲಿನ ವಾರ ತಮ್ಮನ ಹೆಂಡತಿ ಸೊಸೆಯನ್ನು ಕರೆದು, "ಆ ಡಾಕ್ಟರ ಹತ್ತಿರ ನನ್ನನ್ನ ಕರ್ಕೊಂಡು ಹೋಗು, ಒಂದು ಮಾತು ಕೇಳ್ಬೇಕು" ಎಂದಳು. ಗುಡುಗನನ್ನೂ ಕರೆದುಕೊಂಡಳು. ಜನಜಂಗುಳಿಯಲ್ಲಿ ಅವನ ಕೈ ಹಿಡಿಯಲು ಒಬ್ಬರು ಬೇಕು, ಹಾಗಾಗಿ ನಾನೂ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಬೆಂಚಿನ ಮೇಲೆ ಬಹಳ ಹೊತ್ತು ಕಾಯಿಸಿದರೂ ಒಳಗೆ ಕರೆದ ಮೇಲೆ ಅವಸರ ಮಾಡಲಿಲ್ಲ. ತಮ್ಮನ ಹೆಂಡತಿ ಗುಡುಗನನ್ನು ಮುಂದೆ ತಳ್ಳಿ ನಿಲ್ಲಿಸಿದಳು.

"ಇವನು ಹೀಗೆ ಹುಟ್ಟಿದ್ದು ಇವರಪ್ಪನ ಕುಡಿತದಿಂದಾನಾ?"

"ನೀವು ಬಸುರಿಯಾಗಿದ್ದಾಗ ಕುಡಿದಿದ್ರಾ ಅಮ್ಮ?"

"ಥೂ, ನಾನ್ಯಾಕೆ ಕುಡೀಲಿ?"

"ಸುಮ್ಮನೆ ಕೇಳಿದೆ, ಕೇಳಲೇಬೇಕು. ಅಪ್ಪ ಕುಡಿದದ್ದು ಮಕ್ಕಳ ಮೇಲೂ ಬೀಳಬಹುದು ಅಂತ ಈಗೀಗ ಗೊತ್ತಾಗ್ತಿದೆ. ಇವರ ವಿಷಯದಲ್ಲಿ ಅದೇ ಕಾರಣವಾ ಅಂದ್ರೆ, ಇಷ್ಟು ವರ್ಷದ ಮೇಲೆ ನಾನು ಹೇಳೋಕಾಗಲ್ಲ. ಇರಬಹುದು. ಇಲ್ಲದೇನೂ ಇರಬಹುದು."

"ನಾನು ಎಲ್ಲೋ ಹೆದರಿದ್ದಕ್ಕೆ ಹೀಗಾಯ್ತು ಅಂದ್ರು ಎಲ್ಲರೂ. ನನ್ನಿಂದ ಅಲ್ಲ ಅಂತಾದ್ರೂ ಹೇಳ್ತೀರಾ?"

"ಹೆದರಿದ್ದಕ್ಕೆ ಹೀಗಾಗಲ್ಲ. ಅದನ್ನ ಹೇಳಬಲ್ಲೆ. ಮಿಕ್ಕಿದ್ದನ್ನ ಖಂಡಿತವಾಗಿ ಹೇಳೋಕೆ ಬರಲ್ಲಮ್ಮ."

ತಮ್ಮನ ಹೆಂಡತಿ ಗುಡುಗನ ಅಂಗಿಯ ಕಾಲರ್ ಸರಿ ಮಾಡಿದಳು. "ಅವರೆಲ್ಲ ಖಂಡಿತವಾಗೇ ಹೇಳ್ತಿದ್ರು" ಎಂದಳು.

ಬಸ್ಸಿನಲ್ಲಿ ಅವಳು ಸೊಸೆಯ ಪಕ್ಕ ಕೂತಳು. ಕ್ಷಮೆ ಗಿಮೆ ಎಂಬ ಮಾತು ಅವಳ ಬಾಯಿಗೆ ಬರುವುದಲ್ಲ. ಇಳಿಯುವಾಗ ಸೊಸೆಯ ಚೀಲವನ್ನು ತಾನು ಹಿಡಿದುಕೊಂಡಳು. ಮನೆಗೆ ಬಂದವಳೇ ಬೇರು ತೊಗಟೆಯ ಪೊಟ್ಟಣವನ್ನು ಒಲೆಗೆ ಹಾಕಿದಳು. ಮನೆಯೆಲ್ಲ ಕಹಿ ಹೊಗೆ ತುಂಬಿ, ಮೇಷ್ಟ್ರು ಕೆಮ್ಮುತ್ತಾ ಬೀದಿಗೆ ಹೋದ.

ಇನ್ನು ಎಲ್ಲ ಸರಿಹೋಗುತ್ತದೆ ಎಂದು ನಾನು ಅಂದುಕೊಂಡೆ. ಕಷಾಯ ನಿಂತಿತ್ತು. ಮನೆಯೊಳಗೆ ಕುಟುಕುವ ಮಾತು ನಿಂತಿತ್ತು. ಅತ್ತೆ ಸೊಸೆ ಕೂಡಿ ಕಾಳು ಆರಿಸಲು ಕೂರುತ್ತಿದ್ದರು. ಆದರೆ ಮನೆ ಎಂದರೆ ನಾಲ್ಕು ಗೋಡೆ ತಾನೆ? ಬೀದಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಕೊಳಾಯಿಯ ಹತ್ತಿರ, ಅಂಗಡಿಯ ದಾರಿಯಲ್ಲಿ ಸೊಸೆಗೆ ಅವೇ ಪ್ರಶ್ನೆ, ಅವೇ ಸಲಹೆ. ಅವಳೂ ಯಾರಿಗೂ ಹೇಳಲಿಲ್ಲ. ಗಂಡ ಹೇಳಲಿ ಎಂದು ಕಾಯುತ್ತಿದ್ದಳು; ಅದು ನನಗೆ ತಿಳಿಯುತ್ತಿತ್ತು. ಸಂಜೆ ಅವನು ಬಂದಾಗ ಅವಳು ಮೊದಲು ಅವನ ಮುಖ ನೋಡುವಳು, ಆಮೇಲೆ ನೀರು ಕೊಡುವಳು.

ಚಳಿ ಹಿಂದಾಗುತ್ತಿದ್ದ ದಿನಗಳಲ್ಲಿ ಒಂದು ಮಂಗಳವಾರ, ಬ್ಯಾಂಡಿನವರೆಲ್ಲ ನಮ್ಮ ಅಂಗಳದಲ್ಲಿ ಸೇರಿದ್ದರು. ಕೋಟು ತೊಟ್ಟು, ವಾದ್ಯ ಒರೆಸಿ, ಹೊರಡುವ ಸಮಯ. ಮೇಷ್ಟ್ರು ಬಾಟಲಿ ತಂದ. ಅಷ್ಟೆಲ್ಲ ಆದ ಮೇಲೂ ತಂದ. ತುತ್ತೂರಿ ಒಮ್ಮೆ, "ನಿಲ್ಲಿಸಿಬಿಡಿ ಅಪ್ಪ" ಎಂದಿದ್ದನಂತೆ. "ಪಾಲು ನಿಲ್ಲಿಸಿದ್ರೆ ನಾಳೆ ಇವರೆಲ್ಲ ಇನ್ನೊಂದು ಬ್ಯಾಂಡಿಗೆ ಹೋಗ್ತಾರೆ, ಆಮೇಲೆ ನೀನೂ ಗುಡುಗನೂ ಇಬ್ಬರೇ ಹೋಗಿ ಮದುವೆ ಮಾಡಿಸಿ ಬನ್ನಿ" ಎಂದನಂತೆ ಅಪ್ಪ. ಅಲ್ಲಿಗೆ ಆ ಮಾತು ಮುಗಿದಿತ್ತು.

ಲೋಟಗಳು ಸುತ್ತಿದವು. ಸೊಸೆ ತಟ್ಟೆಯಲ್ಲಿ ಬಿಸಿ ಬ್ರೆಡ್ಡು ತಂದು ಹಂಚುತ್ತಿದ್ದಳು. ಪೀಪಿ ತನ್ನ ಪಾಲು ಮುಗಿಸಿ ತುಟಿ ಒರೆಸಿಕೊಂಡ.

"ಮೇಷ್ಟ್ರೇ, ಏನೋ ಒಳ್ಳೆ ಸುದ್ದಿ ಬರುತ್ತೆ ಅಂತ ಕಾಯ್ತಿದೀವಿ. ಕಷಾಯ ಇನ್ನೂ ಹಿಡೀಲಿಲ್ವಾ? ಆ ಗಿಡದ ಬುಡಕ್ಕೇ ಸುರಿದಿದ್ರೆ ಇಷ್ಟೊತ್ತಿಗೆ ಕಾಯಿ ಬಿಡ್ತಿತ್ತು!"

ಅಂಗಳದಲ್ಲಿ ನಗು ಎದ್ದಿತು. ಪೀಪಿ ಕೆಟ್ಟವನಲ್ಲ, ಅವನಿಗೆ ಏನೂ ಗೊತ್ತಿರಲಿಲ್ಲ. ಮೇಷ್ಟ್ರು ಬಾಟಲಿಯ ಬಿರಡೆ ತಿರುಗಿಸುತ್ತಾ ನೆಲ ನೋಡಿದ. ಸೊಸೆ ತಟ್ಟೆ ಹಿಡಿದು ಎಲ್ಲರ ನಡುವೆ ನಿಂತಿದ್ದಳು, ಗಂಡನಿಂದ ಒಂದು ಮಾರು ದೂರದಲ್ಲಿ. ಅವಳು ಅವನನ್ನು ನೋಡಿದಳು.

ತುತ್ತೂರಿ ನಕ್ಕ. ಎಲ್ಲರ ಜೊತೆ ನಕ್ಕ. ದೊಡ್ಡ ನಗೆಯೇನೂ ಅಲ್ಲ, ಹಲ್ಲು ಕಾಣುವಷ್ಟು.

ಸೊಸೆ ಉಳಿದವರಿಗೆಲ್ಲ ಬ್ರೆಡ್ಡು ಹಂಚಿ ಮುಗಿಸಿ, ಖಾಲಿ ತಟ್ಟೆ ಒಳಗಿಟ್ಟು, ನನ್ನ ಹತ್ತಿರ ಬಂದು, "ದೊಡ್ಡತ್ತೆ, ನಿಮ್ಮ ಹತ್ತಿರ ಗಟ್ಟಿ ದಾರ ಇದ್ಯಾ? ನನ್ನ ಚೀಲದ ಹಿಡಿ ಕಿತ್ತಿದೆ" ಎಂದಳು.

ಆ ಸಂಜೆ ಅವಳು ಅವನಿಗೆ ಹೇಳಿದಳು. ನಡುಮನೆಯಲ್ಲೇ, ಎಲ್ಲರ ಎದುರಿಗೇ ಹೇಳಿದಳು. ಅವರ ಕನ್ನಡಕದ ಅಂಗಡಿಯವರು ಬೇರೆ ಊರಿನಲ್ಲಿ ಇನ್ನೊಂದು ಅಂಗಡಿ ತೆಗೆದಿದ್ದರು. ಅಲ್ಲಿಗೆ ಕೆಲಸ ಬಲ್ಲವರೊಬ್ಬರು ಬೇಕಾಗಿತ್ತು. ಅವಳು ಆವತ್ತೇ ಹೋಗಿ ಒಪ್ಪಿಕೊಂಡು ಬಂದಿದ್ದಳು.

"ಮಕ್ಕಳಾಗಲ್ಲ ಅಂತ ಬಿಟ್ಟು ಹೋಗ್ತಿದೀಯಾ?" ಎಂದ ತುತ್ತೂರಿ. "ಇದೇನಾ ನಿನ್ನ ನ್ಯಾಯ? ನಿನಗೆ ಆಗದೇ ಇದ್ದಿದ್ರೆ ನಾನು ಬಿಡ್ತಿದ್ನಾ?"

"ಮಕ್ಕಳ ಮಾತು ಎತ್ತಬೇಡಿ. ಮಕ್ಕಳಿಲ್ಲದೆ ಇಬ್ಬರೇ ಇರೋಣ ಅಂದಿದ್ರೂ ಇರ್ತಿದ್ದೆ."

"ಮತ್ತೆ? ಎಲ್ಲ ಹೇಳಿ ಆಯ್ತಲ್ಲ, ಇನ್ನೇನು ಉಳೀತು?"

"ನೀವು ಎಲ್ಲಿ ಹೇಳಿದ್ರಿ? ಲೋಟ ಹೇಳ್ತು. ನಾನು ಹೇಳಿದೆ. ನೀವು ಹೂಂ ಅಂದ್ರಿ." ಅವಳು ಚೀಲದ ಹಿಡಿಯನ್ನು ಎಳೆದು ನೋಡಿದಳು, ಹೊಲಿಗೆ ಗಟ್ಟಿಯಾಗಿತ್ತು. "ದಿನಾ ಬೆಳಿಗ್ಗೆ ನಾನು ಅದನ್ನ ಕುಡಿಯೋವಾಗ ನೀವು ಎದುರಿಗೆ ಕೂತು ಮೊಟ್ಟೆ ಸುಲೀತಿದ್ರಿ. ಅದನ್ನಾದ್ರೂ ನುಂಗಿಕೊಂಡೆ. ಇವತ್ತು ನಕ್ಕಿರಿ."

"ಅಷ್ಟು ಜನರ ಮುಂದೆ ನಾನೇನು ಮಾಡ್ಬೇಕಿತ್ತು?"

"ಸುಮ್ಮನಿರಬಹುದಿತ್ತು."

ಮೇಷ್ಟ್ರು ಎದ್ದ. "ಈ ಮನೆ ಸೊಸೆ ಹೀಗೆ ಹೊರಟರೆ ಬೀದಿಯವರು ಏನಂತಾರೆ? ಏ, ಹೇಳೇ ಅವಳಿಗೆ" ಎಂದು ಹೆಂಡತಿಯನ್ನು ನೋಡಿದ.

ಅವಳು ಕಾಳಿನ ಮೊರದಿಂದ ತಲೆ ಎತ್ತಲಿಲ್ಲ. "ಏನು ಹೇಳಲಿ? ನಾನು ಹೋಗಲಿಲ್ಲ. ಅವಳು ಹೋಗ್ಲಿ."

ಸೊಸೆ ಹೊರಟ ದಿನ ಬೆಳಿಗ್ಗೆಯೇ ಬ್ಯಾಂಡಿಗೆ ಮೆರವಣಿಗೆ ಇತ್ತು. ತುತ್ತೂರಿ ಅಪ್ಪನ ಜೊತೆ ಮೊದಲೇ ಹೋದ. ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಕೋಟಿನ ಗುಂಡಿಗಳನ್ನು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. "ಸೀಸನ್ ಮುಗಿದ ಮೇಲೆ ಬರ್ತೀನಿ ಅಲ್ಲಿಗೆ" ಎಂದ. ಅವನು ಹೋಗಲಿಲ್ಲ ಎಂಬುದು ಆಮೇಲಿನ ಮಾತು. ಆ ವರ್ಷದ ಮದುವೆಗಳು ಮುಗಿಯುವ ಮುಂಚೆಯೇ ಅವನು ಅಪ್ಪನ ಕೈಯಿಂದ ಮತ್ತೆ ಪಾಲು ತೆಗೆದುಕೊಂಡ. ಒಂದೇ. ಎರಡು ಹಾಕಲು ಅಪ್ಪನ ಕೈ ಬರಲಿಲ್ಲ.

ಅತ್ತೆ ದಾರಿಗೆಂದು ಮೊಟ್ಟೆ ಬೇಯಿಸಿ, ಸಿಪ್ಪೆ ಸುಲಿದು, ಉಪ್ಪಿನ ಪೊಟ್ಟಣದ ಜೊತೆ ಕಟ್ಟಿಕೊಟ್ಟಳು. ಟ್ರಂಕು ಭಾರವಾಗಿತ್ತು. ಗುಡುಗನೂ ಅಷ್ಟು ಹೊತ್ತಿಗೆ ಮೆರವಣಿಗೆಯ ಕಡೆ ಹೊರಡಬೇಕಿತ್ತು. ಕೋಟು ತೊಟ್ಟು ಡ್ರಮ್ ಹೆಗಲಿಗೆ ಹಾಕಿಕೊಂಡಿದ್ದ. ಟ್ರಂಕು ನೋಡಿ ಡ್ರಮ್ ಇಳಿಸಿದ.

"ನಾನು ಹೊರ್ತೀನಿ, ಕನ್ನಡಕ."

"ಬೇಡ ಭಾವ, ಮಾವ ಬೈತಾರೆ. ನೀನು ಮೆರವಣಿಗೆಗೆ ಹೋಗು."

"ಆಮೇಲೆ ಹೋಗ್ತೀನಿ."

ಕೆಂಪು ಕೋಟಿನಲ್ಲಿ, ಜರಿ ಪಟ್ಟಿ ಮಿಂಚಿಸುತ್ತಾ, ತಲೆಯ ಮೇಲೆ ಟ್ರಂಕು ಹೊತ್ತು ಅವನು ಬೀದಿಯ ನಡುವೆ ನಡೆದ. ಪಕ್ಕದಲ್ಲಿ ಅವಳು. ಪೀಪಿಯ ಹೆಂಡತಿ ಮಗು ಎತ್ತಿಕೊಂಡು ಬಾಗಿಲಿಗೆ ಬಂದಳು. ಏನೂ ಕೇಳದೆ ಮಗುವನ್ನು ಸೊಸೆಯ ತೋಳಿಗೆ ಕೊಟ್ಟಳು. ಅವಳು ಸ್ವಲ್ಪ ಹೊತ್ತು ಎತ್ತಿಕೊಂಡಿದ್ದು ವಾಪಸು ಕೊಟ್ಟಳು. ಬೀದಿಯ ತಿರುವಿನವರೆಗೆ ನಾವಿಬ್ಬರೂ ನೋಡುತ್ತಾ ನಿಂತೆವು, ತಮ್ಮನ ಹೆಂಡತಿ ಮತ್ತು ನಾನು.

ಗುಡುಗ ಬಿಸಿಲು ಏರಿದ ಮೇಲೆ ಬಂದ. ಬಂದವನು ಡ್ರಮ್ಮಿನ ಹತ್ತಿರ ಹೋಗಲಿಲ್ಲ. ಕೋಟಿನ ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡು ಹೋಗಿದ್ದನಂತೆ, ಬಸ್ಸು ಹೊರಟಾಗ ಕೊಡುವುದು ಮರೆತೇಹೋಯಿತಂತೆ. ಆ ಜೇಬನ್ನು ನಾನೇ ಆಮೇಲೆ ಬಿಸಿನೀರಲ್ಲಿ ತೊಳೆದೆ.

ಸೊಸೆ ಹೋದದ್ದು ಗುರುವಾರ. ಆವತ್ತಿನ ಮದುವೆಯವರು ಬಹಳ ದಿನ ದೂರುತ್ತಿದ್ದರು: ಊದುವವರೆಲ್ಲ ಚೆನ್ನಾಗಿಯೇ ಊದಿದರು, ಆದರೆ ಮೆರವಣಿಗೆಯಲ್ಲಿ ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಹೆಜ್ಜೆ ಕೂಡಲೇ ಇಲ್ಲ ಎಂದು.